ತಿಂಗಳಿಗೊಂದು ಪೆಟ್ಟಿಗೆ, ಅದಕ್ಕೊಂದು ಲೆಕ್ಕ

ಸಂತೆಯಲ್ಲಿ ದ್ರಾಕ್ಷಿ ಕೊಳ್ಳುವ ಮುಂಚೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ಬೆಲ್ಲದ ಅಂಗಡಿಯವನು ಅಚ್ಚಿನಿಂದ ಒಂದು ಚೂರು ಮುರಿದು ಕೈಗೆ ಕೊಡುತ್ತಾನೆ. ಅತ್ತರಿನ ಅಂಗಡಿಯಲ್ಲಂತೂ ಕೇಳುವ ಮೊದಲೇ ಮುಂಗೈಗೆ ಸವರುತ್ತಾರೆ. ರುಚಿ ನೋಡಿ ಕೊಳ್ಳುವುದು ನಮ್ಮ ವ್ಯಾಪಾರದ ಹಳೆಯ ಪದ್ಧತಿ. ಈಗಿನ ಕಾಲದ ಹೊಸತೇನೆಂದರೆ, ಆ ರುಚಿ ನೋಡುವುದಕ್ಕೇ ತಿಂಗಳು ತಿಂಗಳು ದುಡ್ಡು ಕಟ್ಟುವುದು.

ಇದಕ್ಕೆ ಬ್ಯೂಟಿ ಬಾಕ್ಸ್ ಎಂದು ಹೆಸರು. ತಿಂಗಳಿಗೆ ಇಷ್ಟು ಎಂದು ಚಂದಾ ಕಟ್ಟಿದರೆ ಮನೆಗೆ ಒಂದು ಅಂದವಾದ ಪೆಟ್ಟಿಗೆ ಬರುತ್ತದೆ. ಒಳಗೆ ಶಾಂಪೂ, ಕ್ರೀಮು, ಸೆಂಟು, ಕಾಡಿಗೆ ಇತ್ಯಾದಿ ನಾಲ್ಕೈದು ಸಾಮಾನು. ಹೆಚ್ಚಿನವು ಹೆಬ್ಬೆರಳಷ್ಟು ಉದ್ದದ ಪುಟ್ಟ ಟ್ಯೂಬುಗಳು. ಏನು ಬರುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಅದೇ ಅದರ ಸ್ವಾರಸ್ಯ. ಈ ಪತ್ರಿಕೆಗೆ ಚಂದಾ ಕಟ್ಟಿದ ಹಾಗೆಯೇ. ಆದರೆ ಪತ್ರಿಕೆಯ ಚಂದಾ ಮುಗಿದರೆ ನಾವಾಗಿ ಮತ್ತೆ ಕಟ್ಟಬೇಕು. ಪೆಟ್ಟಿಗೆಯ ಚಂದಾ ಬೇಡವೆನ್ನುವತನಕ ತಾನಾಗಿಯೇ ನಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ಸ್ಯಾಂಪಲ್ ಕೊಟ್ಟು ಗಿರಾಕಿ ಹಿಡಿಯುವ ಉಪಾಯ ಇಂದಿನದಲ್ಲ. ಅಮೆರಿಕದಲ್ಲಿ ಡೇವಿಡ್ ಮೆಕಾನೆಲ್ ಎಂಬಾತ ಮನೆ ಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ. ಗಿರಾಕಿಗಳು ಬಾಗಿಲು ತೆಗೆಯಲಿ ಎಂದು ಪುಸ್ತಕದ ಜೊತೆ ಪುಟ್ಟ ಶೀಶೆಯಲ್ಲಿ ಸೆಂಟು ಉಚಿತವಾಗಿ ಕೊಡುತ್ತಿದ್ದ. ಹೆಂಗಸರಿಗೆ ಪುಸ್ತಕಕ್ಕಿಂತ ಸೆಂಟೇ ಹಿಡಿಸಿತು. ಅವನು ಪುಸ್ತಕ ಬಿಟ್ಟು 1886ರಲ್ಲಿ ಸೆಂಟಿನ ಕಂಪನಿ ತೆರೆದ. ಅದೇ ಮುಂದೆ ಏವನ್ ಎಂದು ಜಗತ್ತಿಗೆಲ್ಲ ಪರಿಚಯವಾಯಿತು.

ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಅವರು ಶಾಂಪೂವನ್ನು ಪುಟ್ಟ ಸ್ಯಾಶೆಯಲ್ಲಿ ತುಂಬಿ ಮಾರುವ ದಾರಿ ತೋರಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಲ್ಲಿ ಚಿಕ್ ಶಾಂಪೂ ಶುರುಮಾಡಿದರು. ಐದು ಖಾಲಿ ಸ್ಯಾಶೆ ತಂದರೆ ಒಂದು ಹೊಸದು ಉಚಿತ ಎಂದು ಅವರು ಮಾಡಿದ ಯೋಜನೆ ಹಳ್ಳಿ ಹಳ್ಳಿಗೆ ಹಬ್ಬಿತು. ಸೀಗೆಕಾಯಿ ಪುಡಿಯಲ್ಲಿ ತಲೆ ತೊಳೆಯುತ್ತಿದ್ದ ಮನೆಗಳಿಗೆ ಶಾಂಪೂ ಕಾಲಿಟ್ಟದ್ದು ಈ ಪುಟ್ಟ ಸ್ಯಾಶೆಯ ಮೂಲಕ.

ಪೆಟ್ಟಿಗೆಯ ಚಂದಾ ಬಂದದ್ದು 2010ರಲ್ಲಿ. ನ್ಯೂಯಾರ್ಕ್‌ನಲ್ಲಿ ಹೇಲಿ ಬಾರ್ನಾ ಮತ್ತು ಕಾಟ್ಯಾ ಬೋಷಾಂ ಎಂಬ ಇಬ್ಬರು ಸಹಪಾಠಿಗಳು ಬರ್ಚ್‌ಬಾಕ್ಸ್ ಎಂಬ ಕಂಪನಿ ಶುರುಮಾಡಿ, ತಿಂಗಳಿಗೆ 10 ಡಾಲರಿಗೆ ಸ್ಯಾಂಪಲ್ ಪೆಟ್ಟಿಗೆ ಕಳಿಸಿದರು. ಸ್ವಲ್ಪ ಕಾಲದಲ್ಲೇ ನಮ್ಮ ದೇಶಕ್ಕೂ ಅದು ಬಂತು. ವಿನೀತಾ ಸಿಂಗ್ ಮತ್ತು ಕೌಶಿಕ್ ಮುಖರ್ಜಿ ಫ್ಯಾಬ್ ಬ್ಯಾಗ್ ಎಂಬ ಹೆಸರಿನಲ್ಲಿ ಇಂಥ ಚೀಲ ಕಳಿಸುತ್ತಿದ್ದರು. ಚಂದಾದಾರರಿಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬ ತಿಳಿವಳಿಕೆಯ ಮೇಲೆ ಅವರು ಮುಂದೆ ಶುಗರ್ ಎಂಬ ಸ್ವಂತ ಬ್ರ್ಯಾಂಡನ್ನೇ ಕಟ್ಟಿದರು. ಮಕ್ಕಳೇ, ಇದನ್ನು ಗಮನಿಸಿ. ಪೆಟ್ಟಿಗೆಯಲ್ಲಿ ಸಾಮಾನು ನಮ್ಮ ಕಡೆಗೆ ಬರುತ್ತದೆ. ನಮ್ಮ ಇಷ್ಟಾನಿಷ್ಟದ ವಿವರ ಅವರ ಕಡೆಗೆ ಹೋಗುತ್ತದೆ. ಎರಡಕ್ಕೂ ಬೆಲೆಯಿದೆ.

ನಮ್ಮ ಮನೆಗೆ ಈ ಪೆಟ್ಟಿಗೆ ಬಂದದ್ದು ಒಂಬತ್ತನೇ ಕ್ಲಾಸಿನಲ್ಲಿರುವ ಮೊಮ್ಮಗಳ ಹಟದಿಂದ. "ನನ್ನ ಫ್ರೆಂಡ್ಸ್ ಎಲ್ಲರ ಮನೇಲೂ ಬರುತ್ತೆ" ಎಂದಳು. ಸೊಸೆ "ಈಗಲೇ ಇದೆಲ್ಲ ಬೇಡ" ಎಂದಳು. ಮಗ ಪೇಪರಿನಿಂದ ತಲೆ ಎತ್ತಲಿಲ್ಲ. ಪಂಚಾಯಿತಿ ನನ್ನ ಮುಂದೆ ಬಂತು. ನಾನೊಂದು ತೀರ್ಮಾನ ಹೇಳಿದೆ: ತಿಂಗಳಿಗೆ 499 ರೂಪಾಯಿ, ಮೂರು ತಿಂಗಳು ಮಾತ್ರ, ದುಡ್ಡು ನನ್ನದು. ಷರತ್ತು ಒಂದೇ. ಬಂದ ಒಂದೊಂದು ಸಾಮಾನನ್ನೂ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಬ್ಯಾಂಕಿನ ಲೆಡ್ಜರಿನ ಹಾಗೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ಚಂದಾದಾರರಿಗೆ 18 ವರ್ಷ ತುಂಬಿರಬೇಕೆಂಬ ನಿಯಮವಿದ್ದುದರಿಂದ ಖಾತೆ ನನ್ನ ಹೆಸರಿನಲ್ಲಿ ತೆರೆಯಬೇಕಾಯಿತು. ಒಂದು ಅರ್ಜಿ ತುಂಬಿಸಿದರು. ವಯಸ್ಸು: 74. ಚರ್ಮದ ಬಗೆ: ಒಣ. ಆಮೇಲೆ "ನಿಮ್ಮ ಚರ್ಮದ ಸಮಸ್ಯೆ ಯಾವುದು?" ಎಂಬ ಪ್ರಶ್ನೆ. ಮೊಡವೆ, ಕಲೆ, ಸುಕ್ಕು, ಮಂಕು ಬಣ್ಣ, ಹೀಗೆ ಒಂದು ಪಟ್ಟಿ. "ಸಮಸ್ಯೆ ಏನೂ ಇಲ್ಲ" ಎಂಬ ಆಯ್ಕೆಯೇ ಇರಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ಬ್ಯಾಂಕಿನ ಕೌಂಟರಿನಲ್ಲಿ ಜನರಿಗೆ ಅರ್ಜಿ ತುಂಬಿಸಿಕೊಟ್ಟವನು ನಾನು. "ಅನ್ವಯಿಸುವುದಿಲ್ಲ" ಎಂದು ಗೆರೆ ಎಳೆಯಲು ಜಾಗವಿಲ್ಲದ ಅರ್ಜಿಯನ್ನು ಅಂದೇ ಮೊದಲು ಕಂಡದ್ದು.

ಮೊದಲ ತಿಂಗಳ ಪೆಟ್ಟಿಗೆ ಬಂತು. ಮೇಲೆ "1,200 ರೂಪಾಯಿ ಮೌಲ್ಯದ ಉತ್ಪನ್ನಗಳು" ಎಂದು ಬರೆದಿತ್ತು. ಮೊಮ್ಮಗಳ ಕಣ್ಣು ಅರಳಿತು. "ನೋಡಿ ತಾತ, 499ಕ್ಕೆ 1,200!" ಎಂದಳು. "ಲೆಕ್ಕ ಹಾಕಿ ಹೇಳು ಪುಟ್ಟಿ" ಎಂದೆ.

ಲೆಕ್ಕ ಸುಲಭ. ದೊಡ್ಡ ಬಾಟಲಿಯ ಬೆಲೆಯನ್ನು ಅದರ ಮಿಲಿಲೀಟರಿನಿಂದ ಭಾಗಿಸಿದರೆ ಒಂದು ಮಿ.ಲೀ. ಬೆಲೆ. ಅದನ್ನು ಪುಟ್ಟ ಟ್ಯೂಬಿನ ಅಳತೆಯಿಂದ ಗುಣಿಸಿದರೆ ಟ್ಯೂಬಿನ ಬೆಲೆ. 200 ಮಿ.ಲೀ. ಶಾಂಪೂಗೆ 400 ರೂಪಾಯಿ. ಹಾಗಾದರೆ 30 ಮಿ.ಲೀ.ಗೆ 60. ಫೇಸ್‌ವಾಶ್ 15 ಮಿ.ಲೀ., 37 ರೂಪಾಯಿ 50 ಪೈಸೆ. ಸನ್‌ಸ್ಕ್ರೀನ್ 10 ಮಿ.ಲೀ., 90. ಪೂರ್ತಿ ಅಳತೆಯ ಕಾಡಿಗೆ ಕಡ್ಡಿ, 179. ಸೆಂಟು 2 ಮಿ.ಲೀ., 60. ಒಟ್ಟು 426 ರೂಪಾಯಿ 50 ಪೈಸೆ. 1,200 ಎಲ್ಲಿಂದ ಬಂತೆಂದು ಮೊಮ್ಮಗಳು ಎರಡು ಸಲ ಕೂಡಿಸಿದಳು. ಸಿಗಲಿಲ್ಲ.

ಸೆಂಟನ್ನು ನಮ್ಮ ಮನೆಯಾಕೆ ಮುಂಗೈಗೆ ಹಾಕಿಕೊಂಡು ನೋಡಿದಳು. ಹಾಕಿದ ಗಳಿಗೆಯಿಂದ ಸೀನು. ಲೆಕ್ಕ ಇಟ್ಟಿದ್ದರೆ ಇಪ್ಪತ್ತು ದಾಟುತ್ತಿತ್ತು. ಆ ಸೆಂಟಿನ ದೊಡ್ಡ ಶೀಶೆ 1,500 ರೂಪಾಯಿ. 60 ರೂಪಾಯಿಯ ಸ್ಯಾಂಪಲ್ಲು ಆ 1,500 ಉಳಿಸಿತು ಎಂದೂ ಹೇಳಬಹುದು. ಸ್ಯಾಂಪಲ್ಲಿನ ನಿಜವಾದ ಉಪಯೋಗ ಇದೇ. ವಾಸನೆ ಹಿಡಿಸುತ್ತದೆಯೆ, ಕೈಗೆ ಜಿಡ್ಡಾಗುತ್ತದೆಯೆ, ತುರಿಸುತ್ತದೆಯೆ ಎಂಬುದನ್ನು ತಿಳಿಯಲು ನಾಲ್ಕು ಹನಿ ಸಾಕು. ಆದರೆ "ಕಲೆ ಹೋಗುತ್ತದೆ", "ಸುಕ್ಕು ಮಾಯ" ಎಂಬ ಭರವಸೆಗಳನ್ನು ಪರೀಕ್ಷಿಸಲು 5 ಮಿ.ಲೀ. ಏನೇನೂ ಸಾಲದು. ನಮ್ಮ ಮೇಲ್ಚರ್ಮ ಹಳತು ಕಳಚಿ ಹೊಸತಾಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಪುಟ್ಟ ಟ್ಯೂಬು ಅಷ್ಟರೊಳಗೆ ಖಾಲಿಯಾಗಿರುತ್ತದೆ.

ಎರಡನೇ ತಿಂಗಳ ಪೆಟ್ಟಿಗೆ ಮನೆಯಲ್ಲಿ ಸ್ವಲ್ಪ ಗಲಾಟೆ ಎಬ್ಬಿಸಿತು. ನನ್ನ ವಯಸ್ಸು ನೋಡಿ ಅವರು ಸುಕ್ಕು ಕಡಿಮೆ ಮಾಡುವ ಸೀರಮ್ ಕಳಿಸಿದ್ದರು. ನಾನು ಶೇವಿಂಗ್ ಕ್ರೀಮಿನಾಚೆ ಏನನ್ನೂ ಮುಖಕ್ಕೆ ಹಚ್ಚಿದವನಲ್ಲ. ಮೊಮ್ಮಗಳು "ಹಾಗಾದರೆ ನಾನು ಹಚ್ಕೋತೀನಿ" ಎಂದು ಮುಚ್ಚಳ ತೆಗೆದಳು. "ಮೊದಲು ಲೇಬಲ್ ಓದು" ಎಂದಳು ಸೊಸೆ. ಓದಿದರೆ ಅದರಲ್ಲಿ ರೆಟಿನಾಲ್ ಇತ್ತು. ಸೊಸೆ ಪರಿಚಯದ ಚರ್ಮವೈದ್ಯರಿಗೆ ಫೋನು ಮಾಡಿದಳು. ಅವರು ಹೇಳಿದ್ದು ಎಲ್ಲ ಮನೆಗಳಿಗೂ ಬೇಕಾದ ಮಾತು: ರೆಟಿನಾಲ್ ಚರ್ಮವನ್ನು ಕೆರಳಿಸಬಹುದು, ಬಿಸಿಲಿಗೆ ಬೇಗ ಸುಡುವಂತೆ ಮಾಡಬಹುದು, ಮಕ್ಕಳ ಎಳೆ ಚರ್ಮಕ್ಕೆ ಸುಕ್ಕಿನ ಔಷಧಿ ಬೇಡವೇ ಬೇಡ. ಈ ವಯಸ್ಸಿಗೆ ಮೃದುವಾದ ಫೇಸ್‌ವಾಶ್, ಬೇಕಿದ್ದರೆ ಒಂದು ಮಾಯಿಶ್ಚರೈಸರ್, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್. ಅಷ್ಟೆ.

ಅದೇ ಪೆಟ್ಟಿಗೆಯಲ್ಲಿ ಬಣ್ಣ "ಬೆಳಗಿಸುವ" ಕ್ರೀಮೂ ಇತ್ತು. ಅದರ ಚೀಟಿಯಲ್ಲಿ ಒಂದೇ ಹುಡುಗಿಯ ಎರಡು ಚಿತ್ರ. ಎಡಗಡೆ ಮುಖ ಬಾಡಿಸಿಕೊಂಡ ಕಪ್ಪು ಹುಡುಗಿ, ಬಲಗಡೆ ನಗುವ ಬೆಳ್ಳನೆಯ ಹುಡುಗಿ. ಮೊಮ್ಮಗಳು ಆ ಚೀಟಿಯನ್ನು ತುಂಬ ಹೊತ್ತು ನೋಡಿದಳು. ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು: "ತಾತ, ಎಡಗಡೆಯವಳು ನನ್ನ ಬಣ್ಣಾನೇ ಅಲ್ವಾ?"

ನನ್ನ ತುತ್ತು ಕೈಯಲ್ಲೇ ಉಳಿಯಿತು. ಹಿಂದಿನ ತಿಂಗಳು ಒಂದು ಮದುವೆ ಮನೆಯಲ್ಲಿ ಯಾರೋ "ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಸ್ವಲ್ಪ..." ಎಂದು ಎಳೆದದ್ದು ಅವಳ ಕಿವಿಗೆ ಬಿದ್ದಿತ್ತಂತೆ. ಪೆಟ್ಟಿಗೆ ಬೇಕೆಂಬ ಹಟದ ಹಿಂದೆ ಗೆಳತಿಯರಲ್ಲದೆ ಆ ಮಾತೂ ಇತ್ತೆಂದು ನಮಗೆ ತಿಳಿದದ್ದು ಅಂದೇ.

ಉತ್ತರ ಕೊಟ್ಟವಳು ಅವಳ ಅಜ್ಜಿ. "ಹೌದು ಮಗೂ, ನಿನ್ನ ಬಣ್ಣಾನೇ. ನನ್ನದೂ ಅದೇ, ನಮ್ಮಮ್ಮನದೂ ಅದೇ. ಚಿತ್ರದಲ್ಲಿ ಅವಳು ಅಳ್ತಾ ಇರೋದು ಬಣ್ಣಕ್ಕಲ್ಲ. ಆ ಕಂಪನಿಯೋರು ಅಳು ಅಂತ ಹೇಳಿದಾರೆ, ಅಳ್ತಿದಾಳೆ. ನಗು ಅಂದಿದ್ರೆ ನಗ್ತಿದ್ಲು." ಮೊಮ್ಮಗಳು ನಕ್ಕಳು. ಪೂರ್ತಿ ನಗುವಲ್ಲ, ಆದರೂ ನಗು. ಮಾರನೆಯ ದಿನ ಲೆಡ್ಜರಿನಲ್ಲಿ ಆ ಕ್ರೀಮಿನ ಮುಂದೆ ಅವಳೇ ಕೆಂಪು ಶಾಯಿಯಲ್ಲಿ "ಬೇಡ" ಎಂದು ಬರೆದಿದ್ದಳು.

ಈ ಆಸೆ ಹುಟ್ಟಿಸುವ ವ್ಯಾಪಾರ ನನ್ನ ಯೌವನದಿಂದಲೂ ನಡೆದಿದೆ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಟೀಕೆಗಳು ಹೆಚ್ಚಾದ ಮೇಲೆ 2020ರಲ್ಲಿ ಅದರ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. "ಬಿಳುಪು" ಹೋಗಿ "ಹೊಳಪು" ಬಂತು. ಅಜ್ಜ ಅಜ್ಜಿಯರೇ, ಡಬ್ಬಿಯ ಹೆಸರು ಬದಲಾದರೂ ಮದುವೆ ಮನೆಯ ನಮ್ಮ ಮಾತು ಬದಲಾಗದಿದ್ದರೆ ಮಕ್ಕಳಿಗೆ ಪ್ರಯೋಜನವಿಲ್ಲ.

ಮೂರನೇ ತಿಂಗಳ ಪೆಟ್ಟಿಗೆಯೂ ಬಂದ ಮೇಲೆ ಲೆಡ್ಜರ್ ಮುಗಿಸಿದೆವು. ಕಟ್ಟಿದ್ದು 1,497 ರೂಪಾಯಿ. ಬಂದ ಸಾಮಾನು 15. ಅಳತೆಯ ಲೆಕ್ಕದಲ್ಲಿ ಬೆಲೆ 1,274 ರೂಪಾಯಿ 50 ಪೈಸೆ. ಅದರಲ್ಲಿ ನಾವು ಬಳಸಿದ್ದು 11. ಅವುಗಳ ಬೆಲೆ 1,030 ರೂಪಾಯಿ 50 ಪೈಸೆ. ಮತ್ತೆ ಅಂಗಡಿಯಿಂದ ತರಿಸಬೇಕು ಎನಿಸಿದ್ದು ಎರಡೇ: ಒಂದು ಸನ್‌ಸ್ಕ್ರೀನ್, ಒಂದು ತುಟಿಯ ಮುಲಾಮು.

"ಪೆಟ್ಟಿಗೆ ತೆಗೆಯೋವಾಗ ಆದ ಖುಷಿಗೆ ಎಷ್ಟು ಬರ್ಕೊಂಡ್ರಿ ತಾತ?" ಎಂದು ಮೊಮ್ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಬಳಸಿದ ಸಾಮಾನಿನ ಬೆಲೆ ಕಳೆದರೆ ಉಳಿಯುವುದು 466 ರೂಪಾಯಿ 50 ಪೈಸೆ, ಅಂದರೆ ತಿಂಗಳಿಗೆ 155 ರೂಪಾಯಿ 50 ಪೈಸೆ. ಖುಷಿಯ ಬೆಲೆ ಅದು. ಎಂದೋ ಒಂದು ಸಲಕ್ಕೆ ಹೆಚ್ಚಲ್ಲ. ಪ್ರತಿ ತಿಂಗಳೂ ಅಷ್ಟು ಕೊಡಬೇಕೆ ಎಂದು ಅವಳೇ ತೀರ್ಮಾನಿಸಲಿ ಎಂದು ಬಿಟ್ಟೆ. "ಹುಟ್ಟಿದಹಬ್ಬಕ್ಕೆ ಒಂದ್ಸಲ ಸಾಕು" ಎಂದಳು.

ಇನ್ನು ಚಂದಾ ನಿಲ್ಲಿಸುವ ವಿಷಯ. ಹಿಂದೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂದು ಇತ್ತು. ಆರ್.ಡಿ. ಕಂತನ್ನೋ ವಿಮೆಯ ಕಂತನ್ನೋ ತಿಂಗಳು ತಿಂಗಳು ಖಾತೆಯಿಂದ ಕಟ್ಟಿ ಎಂದು ಗಿರಾಕಿ ಸಹಿ ಮಾಡಿ ಬರೆದುಕೊಡಬೇಕು. ನಿಲ್ಲಿಸಲೂ ಒಂದು ಪತ್ರ ಸಾಕು. ಈಗ ಅದೇ ಕೆಲಸ ಮೊಬೈಲಿನಲ್ಲಿ ಆಟೋಪೇ ಎಂಬ ಹೆಸರಿನಲ್ಲಿ ಆಗುತ್ತದೆ. ಯುಪಿಐ ಆಟೋಪೇ ಬಂದದ್ದು 2020ರ ಜುಲೈನಲ್ಲಿ. ಶುರುಮಾಡಲು ಎರಡು ಗಳಿಗೆ ಸಾಕು. ನಿಲ್ಲಿಸುವ ಬಟನ್ನು ಹುಡುಕಲು ಮೊಮ್ಮಗಳಿಗೇ ಕಾಲು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಾಗ "ನಿಮ್ಮ ಅಂದದ ಕಾಳಜಿ ನಿಮಗೆ ಬೇಡವೆ?" ಎಂದು ಅದು ಕೇಳಿತು. 74 ವರ್ಷದ ನನ್ನನ್ನು!

ಇಂಥ ಮಾತಿಗೆ ಸರ್ಕಾರದ ಭಾಷೆಯಲ್ಲಿ ಹೆಸರೇ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು "ಡಾರ್ಕ್ ಪ್ಯಾಟರ್ನ್" ಎಂಬ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಬೇಡ ಎನ್ನುವವರಿಗೆ ನಾಚಿಕೆಯಾಗುವಂತೆ ಮಾಡುವುದು ಅದರಲ್ಲೊಂದು. "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು ಇನ್ನೊಂದು. ನಾವು ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು ಮತ್ತೊಂದು. ಸುಲಭವಾಗಿ ಒಳಗೆ ಬಿಟ್ಟುಕೊಂಡು ಹೊರಹೋಗುವ ದಾರಿ ಮುಚ್ಚುವ "ಚಂದಾ ಬಲೆ"ಯೂ ಆ ಪಟ್ಟಿಯಲ್ಲಿದೆ.

ನಾನು ಬೆಳಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಸಿಗುತ್ತಾರೆ. ಒಬ್ಬರೇ ಇರುವವರು, ಪಿಂಚಣಿಯಲ್ಲೇ ಜೀವನ. ತಲೆಗೂದಲಿನ ಎಣ್ಣೆಯ ಸ್ಯಾಂಪಲ್ "ಒಂದೇ ರೂಪಾಯಿಗೆ" ಎಂಬ ಜಾಹೀರಾತು ನೋಡಿ ಒತ್ತಿದ್ದರು. ಆ ಒಂದು ರೂಪಾಯಿಯ ಜೊತೆಗೇ ಆಟೋಪೇಗೂ ಒಪ್ಪಿಗೆ ಹೋಗಿತ್ತು. ತಿಂಗಳಿಗೆ 299ರಂತೆ ಏಳು ತಿಂಗಳು, 2,093 ರೂಪಾಯಿ ಪಿಂಚಣಿ ಖಾತೆಯಿಂದ ಹೋಗಿತ್ತು. ಮುನ್ಸೂಚನೆಯ ಸಂದೇಶಗಳು ಬಂದಿದ್ದವು. ಇಂಗ್ಲಿಷಿನಲ್ಲಿ, ನೂರಾರು ಜಾಹೀರಾತಿನ ಸಂದೇಶಗಳ ನಡುವೆ. ಅವರ ಬಿ.ಪಿ. ಮಾತ್ರೆಯ ಖರ್ಚೇ ಅದರಲ್ಲಿ ಹೋಗಿತ್ತೆಂದರೆ 299 ಎಂಬುದು ಸಣ್ಣ ಮೊತ್ತವಲ್ಲ. ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಆಟೋಪೇ ರದ್ದು ಮಾಡಿದೆವು, ದೂರು ಕೊಟ್ಟೆವು. ಕಡೆಯ ಎರಡು ತಿಂಗಳ 598 ರೂಪಾಯಿ ಹಿಂದಕ್ಕೆ ಬಂತು. ಉಳಿದದ್ದು ಬರಲಿಲ್ಲ.

ಆದ್ದರಿಂದ ನನ್ನ ವಯಸ್ಸಿನವರು ಈ ನಾಲ್ಕು ಸಂಗತಿ ನೆನಪಿಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಂತು ಕಡಿಯುವ 24 ಗಂಟೆ ಮೊದಲಾದರೂ ಗಿರಾಕಿಗೆ ಸೂಚನೆ ಬರಬೇಕು, ಬೇಡವೆನ್ನುವ ಅವಕಾಶವೂ ಇರಬೇಕು. ಶುರುವಿನಲ್ಲಿ ಒಂದು ಸಲ ಒಪ್ಪಿಗೆ ಕೊಟ್ಟರೆ, 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ; ಆದ್ದರಿಂದ ಆ ಮೊದಲ ಒಪ್ಪಿಗೆಯಲ್ಲೇ ಎಚ್ಚರ ಬೇಕು. ಯುಪಿಐ ಆ್ಯಪಿನಲ್ಲಿ "ಆಟೋಪೇ" ಅಥವಾ "ಮ್ಯಾಂಡೇಟ್" ಎಂಬಲ್ಲಿ ನಮ್ಮ ಯುಪಿಐ ಚಂದಾಗಳ ಪಟ್ಟಿ ಇರುತ್ತದೆ, ಅಲ್ಲಿಂದಲೇ ರದ್ದು ಮಾಡಬಹುದು. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು, ಕರೆ ಉಚಿತ. ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪಟ್ಟಿ ನೋಡಿ. ಓದಿ ಹೇಳುವುದು ಅವರ ಕೆಲಸ, ಬೇಕೆ ಬೇಡವೆ ಎನ್ನುವುದು ನಿಮ್ಮದು. ಪಿನ್ ನಂಬರ್ ಮಾತ್ರ ಯಾರಿಗೂ ಹೇಳಬೇಡಿ.

ಮಕ್ಕಳಿಗೂ ಒಂದೆರಡು ಮಾತು. ಹೊಸ ಸ್ಯಾಂಪಲ್ ಬಂದರೆ ನೇರವಾಗಿ ಮುಖಕ್ಕೆ ಹಚ್ಚಬೇಡಿ. ಮೊಣಕೈಯ ಒಳಮಗ್ಗುಲಲ್ಲಿ ಒಂದು ಚುಕ್ಕೆ ಹಚ್ಚಿ ಒಂದೆರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ತೊಳೆದುಬಿಡಿ, ಮನೆಯವರಿಗೆ ಹೇಳಿ. ಬಳಕೆಯ ಕೊನೆಯ ದಿನಾಂಕ, ಬ್ಯಾಚ್ ನಂಬರು, ತಯಾರಕರ ವಿಳಾಸ ಹುಡುಕಿ. ಕೆಲವು ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರವಿದ್ದು, ಒಳಗೆ "6 ಎಂ" ಅಥವಾ "12 ಎಂ" ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಬಳಸಬೇಕೆಂದು ಅರ್ಥ. ಕಾಡಿಗೆ, ಲಿಪ್‌ಸ್ಟಿಕ್ಕುಗಳನ್ನು ಗೆಳತಿಯರ ಜೊತೆ ಹಂಚಿಕೊಳ್ಳಬೇಡಿ. ಕಣ್ಣು ಬೇನೆಯೂ ಜೊತೆಗೆ ಬಂದೀತು.

ಚಂದಾ ಇಲ್ಲದೆಯೂ ರುಚಿ ನೋಡಲು ದಾರಿಗಳಿವೆ. ದೊಡ್ಡ ಅಂಗಡಿಗಳಲ್ಲಿ ಟೆಸ್ಟರ್ ಇಟ್ಟಿರುತ್ತಾರೆ, ಕೇಳಿದರೆ ಮುಂಗೈಗೆ ಹಾಕಿ ತೋರಿಸುತ್ತಾರೆ. ಕಿರಾಣಿ ಅಂಗಡಿಯಲ್ಲಿ ಹತ್ತು ಇಪ್ಪತ್ತು ರೂಪಾಯಿಯ ಚಿಕ್ಕ ಪ್ಯಾಕುಗಳು ಸಿಗುತ್ತವೆ. ಒಂದೇ ಸಲ ದುಡ್ಡು ಕೊಟ್ಟು ತರಿಸುವ, ಆಟೋಪೇ ಕೇಳದ ಪೆಟ್ಟಿಗೆಗಳೂ ಇವೆ.

ಕೊನೆಗೆ ಈ ವಾರದ ರಜೆಗೆ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ಬಚ್ಚಲುಮನೆಯ ಶಾಂಪೂ ಬಾಟಲಿ ತನ್ನಿ. ಅದೇ ಬ್ರ್ಯಾಂಡಿನ ಒಂದು ಸ್ಯಾಶೆಯನ್ನು ಅಂಗಡಿಯಿಂದ ತನ್ನಿ. ಎರಡರ ಬೆಲೆಯನ್ನೂ ಅಳತೆಯನ್ನೂ ಬರೆದುಕೊಂಡು ಒಂದು ಮಿ.ಲೀ.ಗೆ ಎಷ್ಟಾಯಿತೆಂದು ಭಾಗಿಸಿ ನೋಡಿ. ದೊಡ್ಡದು ಕೊಂಡರೆ ಅಗ್ಗ ಎಂದು ನಾವೆಲ್ಲ ನಂಬಿದ್ದೇವಲ್ಲ, ಕೆಲವು ಬ್ರ್ಯಾಂಡುಗಳಲ್ಲಿ ಉತ್ತರ ತಿರುಗಾಮುರುಗಾ ಬರುತ್ತದೆ. ಅಜ್ಜ ಅಜ್ಜಿಯರ ಕೈಯಲ್ಲಿ ಮೊದಲು ಊಹೆ ಹೇಳಿಸಿ, ಆಮೇಲೆ ಭಾಗಾಕಾರ ಮಾಡಿ ತೋರಿಸಿ.